ಹಾಲಿ ಸಿಕ್ಕಾದ ಇಸವಿ

1998 ಆಗಸ್ಟ್ 9, ಭಾನುವಾರ

ಡಾಕ್ಟರಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಎದೆ ಹೊಡೆದುಕೊಳ್ಳುವುದಕ್ಕೆ ಮಾತ್ರೆ ಕೊಡುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ಕೊಳವೆ ಇಟ್ಟು ಕೇಳಿ, "ಎದೆ ಸರಿಯಾಗೇ ಇದೆ ಸಾಯಬಣ್ಣ, ತಲೇಲಿ ಓಡೋದೇ ಜಾಸ್ತಿ. ಏನೇನ್ ಭಯ ಬರುತ್ತೋ ಒಂದು ಬುಕ್ಕಲ್ಲಿ ಬರೆದಿಡಿ" ಅಂದರು. ಬುಕ್ಕು ಕೊಳ್ಳಬೇಕಾಗಲಿಲ್ಲ. ನಾನು ಕಾವಲಿರುವ ಹೊಸ ತಿಪ್ಪಸಂದ್ರದ ಅಪಾರ್ಟ್‌ಮೆಂಟಿನ ವೆಂಕಟಾಚಲ ಸಾಹೇಬರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಹಾಗೇ ಇತ್ತು. ಅವರು ವಿಮಾ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು.

ಇವತ್ತಿನ ಭಯಗಳು. ಬೀಗ ಹಾಕಿದೆನೋ ಇಲ್ಲವೋ ಎಂದು ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಿಂದ ವಾಪಸ್ ಬಂದು ನೋಡಿದೆ. ಹಾಕಿತ್ತು. ಮೂರು ಸಲ ಜಗ್ಗಿದೆ. ಸ್ಟವ್ ಆರಿಸಿದೆನೋ ಎಂದು ಮತ್ತೆ ಬೀಗ ತೆಗೆದೆ. ಆರಿತ್ತು. ಬಸ್ಸು ತಪ್ಪಿತು. ನಾಡಿ ಎಣಿಸಿದರೆ ತೊಂಬತ್ತಾರು. ಮಾನಮ್ಮ ಮಗಳು ಸೌಂದರ್ಯಾಳ ಬಾಣಂತನಕ್ಕೆ ಯಾದಗಿರಿಗೆ ಹೋಗಿ ನಾಲ್ಕು ದಿನ. ಎರಡು ತಿಂಗಳು ಬರುವುದಿಲ್ಲ. ಮದುವೆಯಾದಾಗಿನಿಂದ ಇಷ್ಟು ದಿನ ಒಬ್ಬನೇ ಇದ್ದವನಲ್ಲ.

ನನ್ನ ಅಕ್ಷರ ನೋಡಿದರೆ ನನಗೇ ನಾಚಿಕೆ. ಯಾರೂ ಓದಬಾರದು.

ಆಗಸ್ಟ್ 12, ಬುಧವಾರ

ಬೀಗ ಎರಡು ಸಲ. ನಾಡಿ ತೊಂಬತ್ತೆರಡು. ಗೇಟಿನಲ್ಲಿ ಯಾರೋ ಬಂದು ಮೂರನೇ ಮಹಡಿಯವರು ಇದ್ದಾರಾ ಎಂದು ಕೇಳಿದರು. ಇದ್ದಾರೆ ಅಂದೆ. ಆಮೇಲೆ ಅವರು ಕಳ್ಳರಾಗಿದ್ದರೆ ಎಂದು ಸಂಜೆಯ ತನಕ ನಾಲ್ಕು ಸಲ ಮೂರನೇ ಮಹಡಿಗೆ ಹತ್ತಿ ನೋಡಿ ಬಂದೆ. ಅವರು ಕೇಬಲ್ಲಿನವರು.

ಆಗಸ್ಟ್ 20, ಗುರುವಾರ

ಮಾಡಬಾರದ ಕೆಲಸ ಮಾಡಿದೆ.

ಬೆಳಿಗ್ಗೆ ವೆಂಕಟಾಚಲ ಸಾಹೇಬರು ಒಂದು ಬೆಳ್ಳಿ ನಾಣ್ಯ ಹಿಡಿದುಕೊಂಡು ಬಿಸಿಲಿಗೆ ಗೇಟಿನ ತನಕ ಬಂದರು. ಅವರಿಗೆ ಹಳೇ ಬೆಳ್ಳಿ ರೂಪಾಯಿ ಕೂಡಿಡುವ ಹವ್ಯಾಸ. ರಾಣಿಯ ತಲೆಯದು, ಅವಳ ಮಗನ ತಲೆಯದು, ಮೊಮ್ಮಗನ ತಲೆಯದು, ಎಲ್ಲಾ ಮಖಮಲ್ಲಿನ ಪೆಟ್ಟಿಗೆಯಲ್ಲಿವೆ. ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಅವರಿಗೆ ಬಾಯಿಪಾಠ. ಈಗ ರಾಯಚೂರಿನ ಹಳೇ ಸಹೋದ್ಯೋಗಿಯ ಮನೆಯಿಂದ ಇಪ್ಪತ್ತಮೂರು ನಿಜಾಮನ ರೂಪಾಯಿ ಬಂದಿವೆಯಂತೆ. ಅವುಗಳ ಮೇಲಿನ ಬರಹ ಓದುವವರಿಲ್ಲ.

ಮನೆಮನೆಗೆ ಮೊಟ್ಟೆ ತಂದುಕೊಡುವ ಅಸ್ಗರ್ ಸೈಕಲ್ ನಿಲ್ಲಿಸಿದ್ದ. ಅವನನ್ನು ಕೇಳಿದರು. ಅವನು ನಾಣ್ಯ ತಿರುಗಿಸಿ, ಮೂಸಿ, "ನಂದು ಓದು ಮೊಟ್ಟೆ ಲೆಕ್ಕಕ್ಕೇ ಸಾಲಲ್ಲ ಸಾರ್" ಎಂದು ವಾಪಸ್ ಕೊಟ್ಟ.

ಕೊಡುವಾಗ ನನ್ನ ಕಣ್ಣ ಮುಂದೆ ಹಾಯಿತು. ಒಂದು ಕಡೆ ಚಾರ್‌ಮಿನಾರ್. ಇನ್ನೊಂದು ಕಡೆ ಉರ್ದು ಅಕ್ಷರ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಫರ್ಖುಂದಾ ಬುನ್ಯಾದ್ ಹೈದರಾಬಾದ್", ಅಂದರೆ ಶುಭದ ಬುನಾದಿಯ ಹೈದರಾಬಾದ್, ಅಂದುಬಿಟ್ಟೆ.

ಇಬ್ಬರೂ ನನ್ನ ಕಡೆ ತಿರುಗಿದರು. ಅಸ್ಗರ್ ಬಾಯಿ ಬಿಟ್ಟುಕೊಂಡು, "ಅರೆ ಸಾಯಬಣ್ಣ! ಇಷ್ಟು ದಿನ ನಿನ್ ಹತ್ರ ಬಿಟ್ಟೋಗೋ ನಮ್ ಮನೆ ಉರ್ದು ಚೀಟಿ ಎಲ್ಲಾ ಓದ್ಕೊಂಡು ಸುಮ್ನಿದ್ಯಾ?" ಅಂದ.

ನಾಡಿ ಎಣಿಸುವುದಕ್ಕೂ ಕೈ ಬರಲಿಲ್ಲ.

ಆಗಸ್ಟ್ 23, ಭಾನುವಾರ

ಇದನ್ನೂ ಬರೆದಿಡುತ್ತೇನೆ. ಮಾನಮ್ಮನಿಗೂ ಹೇಳಿದವನಲ್ಲ.

ನಮ್ಮೂರು ಆಗ ನಿಜಾಮನ ರಾಜ್ಯದಲ್ಲಿತ್ತು, ನಾನು ಶಾಲೆಗೆ ಸೇರಿದಾಗ ಉರ್ದುವೇ ಪಾಠ. ಮೌಲ್ವಿ ಸಾಹೇಬರು ಮರದ ತಖ್ತಿಯ ಮೇಲೆ ಬರೆಸುತ್ತಿದ್ದರು. ಚೆನ್ನಾಗಿ ಬರೆದರೆ ಖಾರಿಕ್, ಅಂದರೆ ಒಣ ಖರ್ಜೂರ, ಕೊಡುತ್ತಿದ್ದರು. ನಾನು ಬಹಳ ಸಲ ತಿಂದಿದ್ದೇನೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ದಿಲ್ಲಿಯ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ರಾಜ್ಯ ಮುಗಿಯಿತು. ಮೌಲ್ವಿ ಸಾಹೇಬರು ಎಲ್ಲಿ ಹೋದರೋ ತಿಳಿಯಲಿಲ್ಲ. ಅಪ್ಪ ನನ್ನ ತಖ್ತಿಯನ್ನು ತಿಪ್ಪೆಯಲ್ಲಿ ಹುಗಿದು, "ಆ ಓದು ಬರ್ತದಂತ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದ. ಯಾಕೆ ಎಂದು ಕೇಳುವ ಹಾಗಿರಲಿಲ್ಲ, ಆಗ ಊರಲ್ಲಿ ಎಲ್ಲರಿಗೂ ಎಲ್ಲರ ಭಯ. ಮರುವರ್ಷ ಶಾಲೆ ತೆರೆದಾಗ ಕನ್ನಡ. ಹನ್ನೊಂದು ವರ್ಷದವನನ್ನು ಅ ಆ ಬರೆಯುವ ಸಣ್ಣ ಮಕ್ಕಳ ನಡುವೆ ಕೂರಿಸಿದರು. ಎರಡು ವರ್ಷ ಕೂತೆ. ನಾಚಿಕೆಯಾಗಿ ಬಿಟ್ಟೆ.

ಅದು ಅರ್ಧ, ಇದು ಅರ್ಧ. ಎರಡೂ ಸೇರಿ ಒಂದು ಓದು ಆಗಲಿಲ್ಲ. ಅಪ್ಪನ ಮಾತು ಐವತ್ತು ವರ್ಷ ನಡೆಸಿಕೊಂಡು ಬಂದಿದ್ದೆ.

ಸೆಪ್ಟೆಂಬರ್ 6, ಭಾನುವಾರ

ಡ್ಯೂಟಿ ಮುಗಿದ ಮೇಲೆ ದಿನಾ ಒಂದು ತಾಸು ಸಾಹೇಬರ ಮುಂದಿನ ಕೋಣೆಯಲ್ಲಿ ಕೂರುತ್ತೇನೆ. ಮೊದಲ ದಿನ ಬಾಗಿಲ ಹತ್ತಿರ ನಿಂತಿದ್ದೆ. ಮನೆಯಾಕೆ ಸೀತಾಲಕ್ಷ್ಮಮ್ಮನವರು ಬೆತ್ತದ ಕುರ್ಚಿ ಎಳೆದು, "ನಿಂತ್ಕೊಂಡು ಓದಿದ್ರೆ ಅಕ್ಷರ ನಿಲ್ಲುತ್ತಾ? ಕೂತ್ಕೊಳಿ" ಅಂದರು. ತುದಿಯಲ್ಲಿ ಕೂತೆ.

ಸಾಹೇಬರು ಭೂತಗನ್ನಡಿ ಹಿಡಿಯುತ್ತಾರೆ, ನಾನು ಓದುತ್ತೇನೆ, ಸೀತಾಲಕ್ಷ್ಮಮ್ಮ ಬರೆದುಕೊಳ್ಳುತ್ತಾರೆ. ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಸಣ್ಣ ಅಕ್ಷರ ಇರುತ್ತದೆ. ಮೀಮ್ ಇದ್ದರೆ ನಿಜಾಮ ಮೆಹಬೂಬ್ ಅಲಿ, ಐನ್ ಇದ್ದರೆ ಅವನ ಮಗ ಉಸ್ಮಾನ್ ಅಲಿ. ಇದನ್ನು ಯಾರೂ ಹೇಳಿಕೊಡಲಿಲ್ಲ. ನೋಡುತ್ತಾ ನೋಡುತ್ತಾ ನನಗೇ ಹೊಳೆಯಿತು. ಸಾಹೇಬರು ತೊಡೆ ತಟ್ಟಿಕೊಂಡರು. "ಬ್ರಿಟಿಷರ ರೂಪಾಯಲ್ಲಿ ರಾಜನ ತಲೆ ಇರುತ್ತೆ. ಇವರು ನೋಡಿ, ಮುಖ ಹಾಕದೆ ಊರಿನ ಬಾಗಿಲು ಹಾಕಿದಾರೆ. ಅದಕ್ಕೂ ಹಿಂದಿನ ನಾಣ್ಯಗಳಲ್ಲಿ ಇವರ ಹೆಸರೂ ಇರ್ತಿರಲಿಲ್ಲ, ದಿಲ್ಲಿ ಬಾದಷಹಂದು ಇರ್ತಿತ್ತು. ಆಳೋನು ಇಲ್ಲಿ, ಹೆಸರು ಅಲ್ಲಿಂದು" ಅಂದರು. ನಮ್ಮಪ್ಪ ಇದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದ, ಇಂಗ್ಲಿಷರದನ್ನು ಕಲ್ದಾರ ಎನ್ನುತ್ತಿದ್ದ ಎಂದು ನಾನು ಹೇಳಿದೆ. ಅದನ್ನೂ ಬರೆದುಕೊಂಡರು.

ಇಸವಿಯ ಮಾತು ಬಂತು. ನಾಣ್ಯದಲ್ಲಿ 1325 ಎಂದಿತ್ತು. ಅದು ನನಗೆ ಸುಲಭ. ನನ್ನ ಹುಟ್ಟು ಶಾಲೆಯ ದಾಖಲೆಯಲ್ಲಿ 1347 ಫಸಲಿ ಎಂದಿದೆ. ನಿಜಾಮನ ಕಾಲದಲ್ಲಿ ಊರಕಡೆ ಎಲ್ಲಕ್ಕೂ ಫಸಲಿ ಇಸವಿಯೇ. ಈ ಕಾವಲಿಗೂ ಮೊದಲು ಫ್ಯಾಕ್ಟರಿಗೆ ಸೇರುವಾಗ ಅಲ್ಲಿನ ಗುಮಾಸ್ತರು ಐನೂರ ತೊಂಬತ್ತು ಕೂಡಿ 1937 ಎಂದು ಬರೆದುಕೊಂಡಿದ್ದರು. "ಐನೂರ ತೊಂಬತ್ತು ಕೂಡ್ಬೇಕ್ರಿ ಸಾಹೇಬ್ರ" ಅಂದೆ. "ಹೌದು ಹೌದು, ರಾಯಚೂರಲ್ಲಿ ನಾವೂ ಹಾಗೇ ಕೂಡ್ತಿದ್ವಿ" ಎಂದು ತಲೆಯಾಡಿಸಿದರು. 1325ಕ್ಕೆ 1915 ಆಯಿತು.

ನನಗಾದರೂ ಫಸಲಿ ಇದೆ, ಮಾನಮ್ಮನಿಗೆ ಅದೂ ಇಲ್ಲ. ಜನವರಿಯಲ್ಲಿ ರೇಷನ್ ಕಾರ್ಡಿನವನು ಅವಳ ಮುಖ ನೋಡಿ ನಲವತ್ತೈದು ಎಂದು ಬರೆದುಕೊಂಡ.

ಬೀಗ ಎರಡು ಸಲ.

ಸೆಪ್ಟೆಂಬರ್ 17, ಗುರುವಾರ

ಪೊಲೀಸ್ ಆ್ಯಕ್ಷನ್ನಿಗೆ ಇವತ್ತಿಗೆ ಐವತ್ತು ವರ್ಷವಂತೆ. ಪೇಪರಿನಲ್ಲಿ ಇತ್ತು ಎಂದು ಸಾಹೇಬರು ಹೇಳಿದರು. ನಾನು ತಖ್ತಿಯ ವಿಷಯ ಹೇಳಿದೆ. ಹೇಗೆ ಹೇಳಿದೆನೋ. ಸೀತಾಲಕ್ಷ್ಮಮ್ಮ ಪೆನ್ನು ಕೆಳಗಿಟ್ಟರು.

ಸೆಪ್ಟೆಂಬರ್ 27, ಭಾನುವಾರ

ಹಲಸೂರಿನ ಸಮುದಾಯ ಭವನದಲ್ಲಿ ಅಕ್ಟೋಬರ್ 10 ಮತ್ತು 11ಕ್ಕೆ ನಾಣ್ಯ ಪ್ರದರ್ಶನ. ಸಾಹೇಬರಿಗೆ ಒಂದು ಮೇಜು ಕೊಟ್ಟಿದ್ದಾರೆ. ಈ ಸಲ ನಿಜಾಮನ ಇಪ್ಪತ್ತಮೂರೇ ಇಡುತ್ತಾರಂತೆ. ಪ್ರತಿಯೊಂದಕ್ಕೂ ಒಂದು ಕಾರ್ಡು. ಸೀತಾಲಕ್ಷ್ಮಮ್ಮ ಕಪ್ಪು ಶಾಯಿಯಲ್ಲಿ ಒಂದೊಂದೇ ಬರೆಯುತ್ತಿದ್ದಾರೆ. ದಿನಕ್ಕೆ ಎರಡೇ, ಅವರ ಬೆರಳು ಹಿಡಿದುಕೊಳ್ಳುತ್ತದೆ. ಅಚ್ಚು ಹಾಕಿದ ಹಾಗಿದೆ.

ಸಾಹೇಬರು ಅಂದರು: "ಮೇಜಿನ ಹಿಂದೆ ನೀವೂ ಕೂತಿರಬೇಕು ಸಾಯಬಣ್ಣ. ಜನ ಕೇಳಿದ್ರೆ ಓದಿ ಹೇಳೋರು ಯಾರು? ಕೊನೇ ಕಾರ್ಡಲ್ಲಿ ನಿಮ್ ಹೆಸರೂ ಬರೆಸ್ತೀನಿ."

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನಗಿರುವುದು ಸ್ಟೂಲು. ಅಲ್ಲಿ ಕುರ್ಚಿ. ರಾತ್ರಿಯೆಲ್ಲ ಒಂದೇ ಯೋಚನೆ. ನಾಲ್ಕು ಇಯತ್ತೆ ಓದಿದವನು. ಒಂದು ತಪ್ಪಿದ್ದರೆ? ಇಷ್ಟು ಜನರ ಮುಂದೆ ಯಾರಾದರೂ ಎದ್ದು, ವಾಚ್‌ಮನ್ ಓದಿದ್ದಂತೆ, ಎಲ್ಲಾ ಸುಳ್ಳು ಎಂದರೆ?

ಅಕ್ಟೋಬರ್ 4, ಭಾನುವಾರ

ಈರುಳ್ಳಿ ಬೆಲೆ ಏರಿ ಮುಟ್ಟುವ ಹಾಗಿಲ್ಲ. ಹಸಿಮೆಣಸಿನಕಾಯಿ ಖಾರದಲ್ಲೇ ರೊಟ್ಟಿ ತಿಂದು ಶಿವಾಜಿನಗರಕ್ಕೆ ಹೋದೆ.

ಸಾಹೇಬರು ಅಕ್ತರ್ ಅಂಗಡಿಯಿಂದ ನಾಣ್ಯ ಇಡುವ ಪ್ಲಾಸ್ಟಿಕ್ ಡಬ್ಬಿಗಳನ್ನು ತರಲು ಹೇಳಿದ್ದರು. ಅಕ್ತರ್ ಹಳೇ ಬೆಳ್ಳಿ ಕೊಳ್ಳುತ್ತಾನೆ, ಮಾರುತ್ತಾನೆ, ಉಳಿದದ್ದನ್ನು ಕರಗಿಸುತ್ತಾನೆ. ಕರಗಿಸುವ ತಟ್ಟೆಯಲ್ಲಿ ಮುರಿದ ಕಾಲುಂಗುರ, ನೆಗ್ಗಿದ ಲೋಟದ ನಡುವೆ ಒಂದು ಚಾರ್‌ಮಿನಾರ್ ಕಂಡಿತು. ತೆಗೆದು ಕಲ್ಲಿನ ಮೇಲೆ ಬಿಟ್ಟೆ. ಸಾಹೇಬರ ರೂಪಾಯಿಗಳ ಹಾಗೆ ಟಿಂಗ್ ಎನ್ನಲಿಲ್ಲ. ಟಪ್ ಎಂದಿತು.

"ಅದ್ರಲ್ಲಿ ಅರ್ಧಾನೇ ಬೆಳ್ಳಿ ಭಾಯ್. ಯುದ್ಧದ್ ಟೈಮಲ್ಲಿ ಮಾಡಿದ್ದು" ಎಂದ ಅಕ್ತರ್. "ತಗೊಂಡ್ಹೋಗಿ, ಟೀ ಕಾಸು ಕೊಡಿ ಸಾಕು. ಇದನ್ನ ಕರಗಿಸೋ ಗ್ಯಾಸೇ ದುಬಾರಿ."

ಬಾಗಿಲೊಳಗೆ ಐನ್. 1364. ಇದು ನನ್ನದು. ನಾನೇ ಆರಿಸಿಕೊಂಡ ಮೊದಲ ನಾಣ್ಯ.

ಅಕ್ಟೋಬರ್ 5, ಸೋಮವಾರ

ಗೇಟಿನಲ್ಲಿ ಕೂತು ಖುಷಿಯಿಂದ ಕೂಡಿದೆ. 1364ಕ್ಕೆ ಐನೂರ ತೊಂಬತ್ತು. 1954.

ಮತ್ತೆ ಕೂಡಿದೆ. 1954.

ಐವತ್ತನಾಲ್ಕರಲ್ಲಿ ನಾನು ಶಹಾಬಾದಿನಲ್ಲಿ ಕಲ್ಲು ಹೊರುತ್ತಿದ್ದೆ. ಆಗ ನಿಜಾಮನ ರಾಜ್ಯವೂ ಇಲ್ಲ, ಟಂಕಸಾಲೆಯೂ ಇಲ್ಲ. ಅದಕ್ಕೂ ಆರು ವರ್ಷ ಮೊದಲೇ ನನ್ನ ತಖ್ತಿ ತಿಪ್ಪೆಗೆ ಹೋಗಿತ್ತು.

ಅಕ್ತರ್ ಖೋಟಾ ಕೊಟ್ಟಿದ್ದಾನೆ ಅಂದುಕೊಂಡು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗುತ್ತಿಲ್ಲ. ನಾಡಿ ನೂರಾನಾಲ್ಕು.

ಅಕ್ಟೋಬರ್ 6, ಮಂಗಳವಾರ

ಡ್ಯೂಟಿ ಮುಗಿಸಿ ನೇರವಾಗಿ ಶಿವಾಜಿನಗರಕ್ಕೆ ಹೋದೆ. ಖೋಟಾ ಎಂಬ ಮಾತು ಕೇಳಿ ಅಕ್ತರ್‌ಗೆ ಸಿಟ್ಟು ಬಂತು. "ಅಮ್ಮಾ, ಇಲ್ ಬಾ ಸ್ವಲ್ಪ" ಎಂದು ಕೂಗಿದ. ಅವನ ತಾಯಿ ಶಂಶುನ್ನೀಸಾ ಹೈದರಾಬಾದಿನಿಂದ ಸೊಸೆಯಾಗಿ ಬಂದವರು. ಅಂಗಡಿಯ ಹಿಂದಿನ ಮನೆಯಿಂದ ಬಂದು ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದರು.

"ಖರೇ ಸಿಕ್ಕಾ ಬಾವಾ. ನೀವು ಏನ್ ಕೂಡಿದ್ರಿ?"

ಹೇಳಿದೆ. ಆಕೆ ನಗಲು ಶುರು ಮಾಡಿ ಕೆಮ್ಮಿನಲ್ಲಿ ನಿಲ್ಲಿಸಿದರು.

"ಫಸಲಿ ಹೊಲಕ್ಕೆ, ಕಚೇರಿಗೆ, ಶಾಲೆಗೆ. ಸಿಕ್ಕಾಕ್ಕೆ ಹಿಜರಿ, ಚಂದ್ರನ ವರ್ಷ. ಚಂದ್ರನ ವರ್ಷ ಸಣ್ಣದು ಬಾವಾ, ಹತ್ತು ಹನ್ನೊಂದು ದಿನ ಕಮ್ಮಿ. ಒಂದೇ ಅಂಕಿ ಕೂಡಿದ್ರೆ ಆಗಲ್ಲ, ಒಂದೊಂದಕ್ಕೂ ಬೇರೆ ಬರುತ್ತೆ."

ಮೀಮ್ ಇರುವ 1329ರ ನಾಣ್ಯಕ್ಕೆ ನಾನು 1919 ಹೇಳಿದ್ದೆನಲ್ಲ, ಅದನ್ನು ಕೇಳಿದೆ.

"ಮೆಹಬೂಬ್ ಪಾಶಾ ಹನ್ನೊಂದರಲ್ಲೇ ಹೋದ್ರು. ಸತ್ತು ಎಂಟು ವರ್ಷ ಆದ್ಮೇಲೂ ಎದ್ದು ಬಂದು ಸಿಕ್ಕಾ ಹೊಡೆಸಿದ್ರಾ?"

ಅಕ್ತರ್ ಕೂಡ ನಕ್ಕ. ನಾನೂ ಹಲ್ಲು ಕಾಣುವ ಹಾಗೆ ಮಾಡಿದೆ. ಆಕೆ ಮನೆಯ ಹಳೇ ಜಂತ್ರಿ, ಅಂದರೆ ಪಂಚಾಂಗ, ತೆಗೆದು ಪ್ರತಿ ಹಿಜರಿಗೂ ಸರಿಯಾದ ಇಸವಿ ಹೇಳಿದರು. ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡೆ. ಮತ್ತೆ ತಾಳೆ ನೋಡಿಕೊಳ್ಳಲು ಜಂತ್ರಿಯನ್ನೂ ಕೊಟ್ಟು ಕಳಿಸಿದರು. 1325ಕ್ಕೆ 1907. ನನ್ನ 1364ಕ್ಕೆ 1945.

ಇಪ್ಪತ್ತಮೂರು ಕಾರ್ಡೂ ತಪ್ಪು. ಒಂದೂ ಸರಿಯಿಲ್ಲ. ಶನಿವಾರ ಪ್ರದರ್ಶನ.

ಅಕ್ಟೋಬರ್ 7, ಬುಧವಾರ

ಹೇಳಲಿಲ್ಲ.

ಬೆಳಿಗ್ಗೆ ಸಾಹೇಬರು ವಾಕಿಂಗ್ ಹೊರಟಾಗ ಸಲಾಮು ಮಾಡಿದೆ. ಸಂಜೆ ಮೇಲೆ ಹೋದೆ. ಸೀತಾಲಕ್ಷ್ಮಮ್ಮ ಇಪ್ಪತ್ತಮೂರನೆಯ ಕಾರ್ಡಿನ ಶಾಯಿ ಆರಲೆಂದು ಫ್ಯಾನಿನ ಕೆಳಗೆ ಇಟ್ಟಿದ್ದರು. ಅದರ ಕೊನೆಯಲ್ಲಿ "ಓದಿದವರು: ಸಾಯಬಣ್ಣ" ಎಂದಿತ್ತು. ನೀರು ಕುಡಿದು ಬಂದೆ.

ಅಕ್ಟೋಬರ್ 8, ಗುರುವಾರ

ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹತ್ತು ಥರ ಜೋಡಿಸಿಕೊಂಡೆ. ಮೆಟ್ಟಿಲು ಹತ್ತುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ನನ್ನ ನಾಣ್ಯವನ್ನು ಸಾಹೇಬರ ಕೈಯಲ್ಲಿಟ್ಟೆ.

"ಇದರಾಗ 1364 ಅದರಿ. ನೀವೇ ಕೂಡ್ರಿ."

ಅವರು ಕೂಡಿದರು. ಕನ್ನಡಕ ತೆಗೆದರು. "ಐವತ್ನಾಲ್ಕಾ? ಆಗ ನಿಜಾಮನ ನಾಣ್ಯ ಎಲ್ಲಿತ್ತು? ಅಕ್ತರ್ ನಿಮಗೆ ಡೂಪ್ಲಿಕೇಟ್ ಕಟ್ಟಿದಾನೆ ಸಾಯಬಣ್ಣ!"

ಹೌದ್ರಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಣ್ಯ ಕಿಸೆಗೆ ಹಾಕಿಕೊಂಡು ಕೆಳಗಿಳಿಯಬಹುದಿತ್ತು. ಶನಿವಾರ ಕುರ್ಚಿಯಲ್ಲಿ ಕೂರಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು.

"ನಾಣ್ಯ ಖರೆ ಅದರಿ. ತಪ್ಪು ನಂದು" ಅಂದೆ. "ಇಪ್ಪತ್ಮೂರೂ ತಪ್ಪು ಅದಾವ್ರಿ."

ಸಿಗರೇಟ್ ಪ್ಯಾಕ್ ಕೊಟ್ಟು ಎಲ್ಲಾ ಹೇಳಿದೆ. ಫಸಲಿ ಬೇರೆ, ಹಿಜರಿ ಬೇರೆ, ಮಂಗಳವಾರವೇ ಗೊತ್ತಾಗಿತ್ತು, ನಿನ್ನೆ ಬಂದು ನೀರು ಕುಡಿದು ಹೋದೆ ಎನ್ನುವುದನ್ನೂ ಹೇಳಿದೆ.

ಸಾಹೇಬರ ಕಿವಿ ಕೆಂಪಾಯಿತು. "ನಾಡಿದ್ದು ಪ್ರದರ್ಶನ! ಸೀತಾ ಎರಡು ವಾರ ಬೆರಳು ನೋಯಿಸ್ಕೊಂಡು ಬರ್ದಿದಾಳೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಬೇಕಿತ್ತು ರೀ!" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಕುರ್ಚಿಯ ಪಕ್ಕದಲ್ಲಿ ನಿಂತೆ.  ಸೀತಾಲಕ್ಷ್ಮಮ್ಮ ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಒಳಗೆ ಬೀರು ತೆಗೆದ ಸಪ್ಪಳ, ಹಾಳೆ ತಿರುವಿದ ಸಪ್ಪಳ.

ಸಾಹೇಬರು ವಾಪಸ್ ಬಂದಾಗ ದನಿ ಇಳಿದಿತ್ತು. ಕೈಯಲ್ಲಿ ಹಳೇ ನೋಟ್‌ಬುಕ್ಕು. "ರಾಯಚೂರಲ್ಲಿ ನಾಲ್ಕು ವರ್ಷ. ಪಾಲಿಸಿ ಮಾಡಿಸೋಕೆ ಬರೋರೆಲ್ಲ ಫಸಲಿ ಸರ್ಟಿಫಿಕೇಟ್ ತರೋರು. ಐನೂರ ತೊಂಬತ್ತು ಕೂಡಿ ಕೂಡಿ ಕೈಗೆ ಅಭ್ಯಾಸ ಆಗಿಹೋಗಿದೆ. ನೀವು ಅಂದ ತಕ್ಷಣ ನಾನು ಹೌದು ಅಂದೆನಲ್ಲ ಅವತ್ತು. ಪುಸ್ತಕ ತೆಗೆದು ನೋಡಲಿಲ್ಲ. ಆಫೀಸರ್ ನಾನು."

"ಇಬ್ರೂ ಸೇರಿ ಮಾಡಿದೀರಿ" ಅಂದರು ಸೀತಾಲಕ್ಷ್ಮಮ್ಮ. "ನಾನಂತೂ ಇನ್ನೊಂದ್ಸಲ ಇಪ್ಪತ್ಮೂರು ಬರೆಯೋಳಲ್ಲ. ಓದಿದೋರೇ ಬರೀಲಿ." ಎಂದು ಖಾಲಿ ಕಾರ್ಡುಗಳ ಕಟ್ಟನ್ನು ನನ್ನ ಮುಂದೆ ಸರಿಸಿದರು.

"ನನ್ನ ಅಕ್ಷರ ಚಲೋ ಇಲ್ರಿ ಅಮ್ಮಾವ್ರ."

"ಇಸವಿ ಚೆನ್ನಾಗಿರ್ಲಿ ಸಾಕು."

ಅಕ್ಟೋಬರ್ 9, ಶುಕ್ರವಾರ

ರಜೆ ಹಾಕಿ ಇಡೀ ದಿನ ಬರೆದೆ. ಕನ್ನಡದ ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಹಿಜರಿಯ ಅಂಕಿಗಳನ್ನು ಉರ್ದುವಿನಲ್ಲೇ ಬರೆಯಿರಿ ಎಂದರು ಸಾಹೇಬರು. ಬರೆದೆ. ಅವು ಮಾತ್ರ ನೆಟ್ಟಗೆ ಬಂದವು, ಖಾರಿಕ್ ಕೊಡುವ ಹಾಗೆ. ಪ್ರತಿ ಇಸವಿಯನ್ನೂ ಸಾಹೇಬರು ಪುಸ್ತಕ ತೆಗೆದು ತಾಳೆ ನೋಡಿದರು. ಇಪ್ಪತ್ತಮೂರು ಆದ ಮೇಲೆ ಇನ್ನೊಂದು ಕಾರ್ಡು ಕೊಟ್ಟು, "ನಿಮ್ಮದೂ ಇಡಿ" ಅಂದರು.

ಅಕ್ಟೋಬರ್ 11, ಭಾನುವಾರ

ಎರಡು ದಿನದ್ದೂ ಈಗಲೇ ಬರೆಯುತ್ತಿದ್ದೇನೆ. ನಿನ್ನೆ ಬಂದು ಮಲಗಿಬಿಟ್ಟೆ.

ಜನ ಬಂದರು, ಕೇಳಿದರು, ಹೇಳಿದೆ. ಒಬ್ಬರು, ಪ್ಯಾಂಟು ಕೋಟಿನವರು, "ಇದ್ಯಾರ್ರೀ ಹ್ಯಾಂಡ್‌ರೈಟಿಂಗು, ಮಕ್ಕಳ ಕೈಲಿ ಬರೆಸಿದೀರಾ?" ಎಂದರು. "ನಂದೇರಿ" ಅಂದೆ. ಅವರು ಬಗ್ಗಿ ಎಲ್ಲಾ ಇಪ್ಪತ್ತನಾಲ್ಕನ್ನೂ ಓದಿ, ಇಸವಿಗಳನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು ಹೋದರು.

ಇವತ್ತು ಮಧ್ಯಾಹ್ನ ಗಂಟು ಹೊತ್ತುಕೊಂಡೇ ಮಾನಮ್ಮ ಸಮುದಾಯ ಭವನಕ್ಕೆ ಬಂದಳು. ಮೊಮ್ಮಗಳು ಹುಟ್ಟಿ ತಿಂಗಳಾಯಿತು, ಇಬ್ಬರೂ ಆರಾಮ. ಬಸ್ಸಿಳಿದು ಮನೆಗೆ ಹೋದಾಗ ಪಕ್ಕದ ಮನೆಯ ಕಾವೇರಿ ನಾನಿರುವ ಜಾಗ ಹೇಳಿದಳಂತೆ. ನಾನು ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ರಿ ಇದು, ಸಾಹೇಬ್ರಾಗೀರಿ?"

ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು ಎಲ್ಲಾ ಓದಿ ಹೇಳಿದೆ. ಇದೆಲ್ಲ ನಿಮಗ ಯಾವಾಗ ಬಂತು ಅಂದಳು. ಮೊದಲಿನಿಂದ ಇತ್ತು ಅಂದೆ.  ಕೊನೆಯದನ್ನು, ನನ್ನದನ್ನು, ಡಬ್ಬಿಯಿಂದ ತೆಗೆದು ಮೇಜಿನ ಮೇಲೆ ಬಿಟ್ಟು ತೋರಿಸಿದೆ. ಟಪ್.

"ಅಯ್ಯ, ಇದು ನನ್ನ ತೊಟ್ಟಿಲ ರೂಪಾಯಿ!" ಅಂದಳು. "ನಾ ಹುಟ್ಟಿದಾಗ ಮುತ್ಯಾ ಹೊಸಾ ರೂಪಾಯಿ ತೊಟ್ಟಿಲಕ್ಕ ಕಟ್ಟಿದ್ನಂತ. ಅವ್ವ ಹೇಳ್ತಿದ್ಳು, ಆ ವರ್ಷದ ರೂಪಾಯಿ ಎಲ್ಲಾ ಹಿಂಗs, ಬಡಿದ್ರ ಸಪ್ಪಳನs ಇಲ್ಲ, ನೀನೂ ಹಂಗs ಅಳದೆ ಬಿದ್ಕೊಂಡಿದ್ದಿ ಅಂತ."

ಕಾರ್ಡಿನಲ್ಲಿ ನಾನೇ ಬರೆದಿದ್ದೆ, 1945.

"ಹಂಗಾದ್ರ ನಿನಗ ಐವತ್ಮೂರು. ಒಂದೆರಡು ಹೆಚ್ಚೂ ಕಮ್ಮಿ ಇರಬಹುದು, ಇರಲಿ."

ಅವಳು ಬೆರಳು ಮಡಿಸಿದಳು. "ರೇಷನ್ ಕಾರ್ಡಿನಾಂವ ನಲವತ್ತೈದು ಬರದಾನ. ಎಂಟು ವರ್ಷ ಎಲ್ಲಿ ಹೋದ್ವು?" ಎಂದು ಸೀತಾಲಕ್ಷ್ಮಮ್ಮನವರ ಮುಂದೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಆ ನಾಣ್ಯವನ್ನು ಅಂಗೈಯಲ್ಲೇ ಇಟ್ಟುಕೊಂಡಳು. ಯಾರೋ ನೋಡಲು ಬಂದಾಗ ಅವಳೇ ಕೊಟ್ಟು, "ಇದು ನಂದರಿ" ಅಂದಳು.

ಈಗ ರೊಟ್ಟಿ ಬಡಿಯುತ್ತಿದ್ದಾಳೆ. ಬಂದಾಗಿನಿಂದ ಒಂದೇ ಬೈಗುಳ. ಬಾಗಿಲಿಗೆ ಬೀಗವೇ ಹಾಕಿರಲಿಲ್ಲವಂತೆ, ಎರಡು ದಿನವೂ ಚಿಲಕದಲ್ಲಿ ಸುಮ್ಮನೆ ನೇತಾಡುತ್ತಿತ್ತು ಎಂದು ಕಾವೇರಿ ಹೇಳಿದಳಂತೆ. ಮರೆತಿರಬೇಕು. ನಾಳೆ ಸಾಹೇಬರ ಡಬ್ಬಿಗಳನ್ನು ಒರೆಸಿ ಜೋಡಿಸಬೇಕು, ಶಂಶುನ್ನೀಸಾ ಅವರಿಗೆ ಜಂತ್ರಿ ವಾಪಸ್ ಕೊಡಬೇಕು. ದಿಲ್ಲಿ ಬಾದಷಹನ ಹೆಸರಿನ ನಾಣ್ಯ ಒಂದು ಬಂದಿದೆ, ಓದಲು ಬರುತ್ತದಾ ಎಂದು ಅಕ್ತರ್ ಕೇಳಿ ಕಳಿಸಿದ್ದಾನೆ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.